ಬಲಗಡೆ ಬಡಿಯುವ ಎದೆ

ಶಾಲೆಯ ತಪಾಸಣೆಗೆ ಬಂದಿದ್ದ ಡಾಕ್ಟರರು ನೀಲವ್ವನ ಎದೆಯ ಎಡಗಡೆ ಸ್ಟೆತಾಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. ಮೆಲ್ಲಗೆ ಅದನ್ನು ಬಲಕ್ಕೆ ಸರಿಸಿದವರು ನಕ್ಕೇಬಿಟ್ಟರು.

"ಮಾಸ್ತರ, ಈಕಿ ಹೃದಯ ಬಲಗಡೆ ಐತ್ರಿ. ಹುಟ್ಟಿನಿಂದನ ಹಿಂಗ. ಹುಡುಗಿ ಅಗದಿ ಗಟ್ಟಿ ಅದಾಳ."

ಆ ಮಾಸ್ತರ ನಾನೇ. ಎಪ್ಪತ್ತರ ದಶಕದಲ್ಲಿ ನಾನು ಸಂಶಿಯ ಶಾಲೆಯಲ್ಲಿ ಕವಾಯತು ಕಲಿಸುತ್ತಿದ್ದೆ. ಓಟ ಮುಗಿದೊಡನೆ ಎಲ್ಲರೂ ಎದೆಯ ಎಡಭಾಗದ ಮೇಲೆ ಕೈಯಿಟ್ಟು ಬಡಿತ ಎಣಿಸಬೇಕು ಎಂಬುದು ನನ್ನ ನಿಯಮ. ಏಳನೆಯ ಇಯತ್ತೆಯ ನೀಲವ್ವ ಮಾತ್ರ ದಿನಾಲೂ ಬಲಕ್ಕೆ ಕೈಯಿಡುತ್ತಿದ್ದಳು. "ಎಡಕ್ಕ ಇಟ್ರ ಎಣಿಸಾಕ ಏನೂ ಸಿಗಂಗಿಲ್ರಿ ಸರ್" ಎಂದಿದ್ದಳು. ಅದನ್ನು ಸೊಕ್ಕೆಂದು ತಿಳಿದು ಆಕೆಯನ್ನು ಖೋಖೋ ತಂಡದಿಂದಲೇ ಕೈಬಿಟ್ಟಿದ್ದೆ. ಶಾಲೆಯಲ್ಲಿ ಆಕೆಯಷ್ಟು ಚುರುಕಾಗಿ ಓಡುವವರು ಇನ್ನೊಬ್ಬರಿರಲಿಲ್ಲ.

ಇಂಥ ದೇಹರಚನೆಯ ಬಗ್ಗೆ ತಮ್ಮ ಕಾಲೇಜಿನಲ್ಲಿ ಸಂಶೋಧನೆ ನಡೆದಿದೆ, ಬರೆದುಕೊಳ್ಳಲೇ ಎಂದು ಡಾಕ್ಟರರು ಆಕೆಯನ್ನೇ ಕೇಳಿದರು. ನೀಲವ್ವ ನೆಟ್ಟಗೆ ನಿಂತಳು.

"ಬರಕೋರಿ. ನಮ್ಮೂರ ಹೆಸರೂ ಹಾಕ್ರಿ. ಖೋಖೋ ಆಡ್ತಾಳ ಅಂತನೂ ಬರೀರಿ" ಎಂದು ನನ್ನ ಕಡೆ ನೋಡಿದಳು.

"ಬರೀರಿ ಸಾಹೇಬ್ರ" ಎಂದೆ ನಾನು.

ಮರುದಿನ ಮೈದಾನದಲ್ಲಿ "ಎಲ್ಲಿ ಬಡೀತೈತಿ, ಅಲ್ಲಿ ಕೈ ಇಡ್ರಿ!" ಎಂದು ಕೂಗಿದೆ. ಇಡೀ ಸೇವೆಯಲ್ಲಿ ನಾನು ತಿದ್ದಿಕೊಂಡ ಆಜ್ಞೆ ಅದೊಂದೇ. ನಿವೃತ್ತನಾಗುವವರೆಗೂ ಅದನ್ನೇ ಕೂಗಿದೆ, ಪ್ರತಿಸಲವೂ ಹೆಮ್ಮೆಯಿಂದ.