ಚೆಂಡು ಹೂವಿನ ಈಸ್ಟರ್

ಹೂ ಎಣಿಸುವುದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ಆದರೂ ದಿನಾ ಸಂಜೆ ಮೂಡಲಗಿಯ ಕಚೇರಿಯಿಂದ ಗೋಕಾಕಿನ ಮನೆಗೆ ಬಂದವನೇ, ಚಪ್ಪಲಿ ಬಿಡುವ ಮೊದಲು ಅಂಗಳದ ಹೂಗಳನ್ನು ಎಣಿಸಿ ಡೈರಿಯಲ್ಲಿ ತಾರೀಖಿನ ಮುಂದೆ ಬರೆದಿಡುತ್ತೇನೆ. ಯಾರು ಕೇಳುತ್ತಾರೆ ಅಂದರೆ, ಯಾರೂ ಕೇಳುವುದಿಲ್ಲ.

ಈ ವರ್ಷ ಮಾತ್ರ ಲೆಕ್ಕಕ್ಕೊಂದು ಕಾರಣವಿತ್ತು. ಈಸ್ಟರ್ ಹಬ್ಬಕ್ಕೆ ಚರ್ಚಿನ ವೇದಿಯ ಹೂದಾನಿಗಳಿಗೆ ಪೇಟೆಯ ಹೂ ಬೇಡ, ನನ್ನ ಅಂಗಳದ್ದೇ ತರುತ್ತೇನೆ ಎಂದು ಆರಾಧನೆ ಮುಗಿದ ಮೇಲೆ ಎಲ್ಲರೆದುರು ಹೇಳಿಬಿಟ್ಟಿದ್ದೆ. ಸಭೆಯ ಹಿರಿಯರಾದ ಸಾಮುವೇಲ ಕಾಕಾ, "ಆತು ತಮ್ಮಾ, ತಗೊಂಡ ಬಾ. ಇರಲಿ ಅಂತ ನಾನೂ ಒಂದ ಹಾರ ಹೇಳಿ ಇಟ್ಟಿರತೇನಿ" ಎಂದರು. ಆ ಹಾರ ಚುಚ್ಚಿತು. ಅದು ಬರಬಾರದು ಎಂದು ಅಂದೇ ಹಟ ತೊಟ್ಟೆ.

ಮನಸ್ಸಿನಲ್ಲಿದ್ದದ್ದು ಬಿಳಿ ಲಿಲ್ಲಿ. ಹುಕ್ಕೇರಿಯ ನರ್ಸರಿಯಿಂದ ಗಡ್ಡೆ ತಂದೆ, ಕೊಳೆತವು. ಹೊಲದ ಹೂಗಳು ದುಡಿಯುವುದಿಲ್ಲ, ಅವನ್ನು ನೋಡಿ ಕಲಿಯಿರಿ ಎಂದು ಯೇಸುಸ್ವಾಮಿ ಹೇಳಿದ್ದಾನೆ. ಅವು ದುಡಿಯುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನೀರು ಹೊತ್ತವನು ನಾನು, ಗೊಬ್ಬರ ಕಲಸಿದವನೂ ನಾನೇ. ಕೊನೆಗೆ ಬದುಕಿದ್ದು ನರ್ಸರಿಯವನು ಕೊಸರು ಕೊಟ್ಟ ಚೆಂಡು ಹೂವಿನ ಸಸಿಗಳು. ಟ್ರ್ಯಾಕ್ಟರಿಗೆ ಕಟ್ಟುವ ಹೂವನ್ನು ವೇದಿಗೆ ಏರಿಸುವುದೇ ಎಂದು ಮೊದಲು ಮುಜುಗರವಾಯಿತು. ಅರಸ ಸೊಲೊಮೋನನೂ ಹೂಗಳಷ್ಟು ಚೆಂದ ಉಡಲಿಲ್ಲವೆಂಬ ಮಾತಿನಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಸಂಜೆಯ ಲೆಕ್ಕಕ್ಕೂ ಬೆಳಗಿನ ಲೆಕ್ಕಕ್ಕೂ ತಾಳೆ ತಪ್ಪತೊಡಗಿತು. ಒಂದು ದಿನ ಬೇಗ ಎದ್ದು ಕಾದೆ. ಪಕ್ಕದ ಮನೆಯ ಅಜ್ಜಿ, ನಾವೆಲ್ಲ 'ಆಯಿ' ಎನ್ನುವ ಗಂಗವ್ವ, ಲಿಂಗಪೂಜೆಗೆಂದು ಬುಟ್ಟಿ ಹಿಡಿದು ನನ್ನ ಹೂ ಚಿವುಟುತ್ತಿದ್ದರು.

"ಆಯಿ, ಕೇಳದನ ಹರಿಯಾಕತ್ತೀರಲ್ಲ?"

"ದೇವರಿಗೆ ಹರಿಯಾಕ ಯಾರನ ಕೇಳೂದೋ? ನಿಮ್ಮ ಯೇಸಪ್ಪ ಬ್ಯಾಡ ಅಂದನೇನು?"

"ಅಂವಗೂ ಬೇಕಾಗ್ಯಾವರಿ, ಈಸ್ಟರಕ್ಕ."

"ಅದಕ್ಕ ಅಂವಗ ಬಿಟ್ಟೇನಲ್ಲ, ನೋಡು" ಎಂದು ಬಾಡಿದ ಎರಡು ಹೂ ತೋರಿಸಿದರು.

ಅಂದೇ ಅರ್ಧ ಗಿಡಗಳಿಗೆ ಹಳೆಯ ಸೊಳ್ಳೆ ಪರದೆ ಹೊದಿಸಿ ಹಗ್ಗ ಬಿಗಿದೆ. ಉಳಿದರ್ಧ ಆಯಿಯ ಪಾಲಾಯಿತು. ವಾರಗಳು ಕಳೆದಂತೆ ಡೈರಿ ನನಗೇ ತಿರುಗಿಬಿತ್ತು. ಪರದೆಯೊಳಗಿನ ಹೂಗಳು ಅಲ್ಲೇ ಒಣಗಿ ಬೀಜ ಕಟ್ಟಿದವು. ಆ ಗಿಡಗಳು ಇನ್ನು ತಮ್ಮ ಕೆಲಸ ಮುಗಿಯಿತೆಂಬಂತೆ ಮೊಗ್ಗು ಬಿಡುವುದನ್ನೇ ನಿಲ್ಲಿಸಿದವು. ಆಯಿ ದಿನಾ ಚಿವುಟಿದ ಗಿಡಗಳಿಗೆ ಮೈತುಂಬ ಮೊಗ್ಗು. ಉಳಿಸಿಕೊಳ್ಳಲು ಹೋದವನು ಕಳೆದುಕೊಳ್ಳುತ್ತಾನೆ ಎಂಬ ಪಾಠವನ್ನು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಬಹುಮಾನ ಗಿಟ್ಟಿಸಿದವನು ನಾನು. ಅದು ಚೆಂಡು ಹೂವಿಗೂ ಅನ್ವಯಿಸುತ್ತದೆಂದು ಯಾರೂ ಹೇಳಿರಲಿಲ್ಲ.

ಪರದೆ ಕಿತ್ತೆಸೆದು ಒಣಗಿದ್ದನ್ನೆಲ್ಲ ಚಿವುಟಿ ಹಾಕಿದೆ. "ಎಲ್ಲಾ ನೀವ ಹರಕೊಳ್ರಿ ಆಯಿ. ಈಸ್ಟರ್ ಹತ್ರ ಬಂದಾಗ ಮೂರ ದಿನ ಅಷ್ಟ ಬಿಡ್ರಿ."

"ಮೂರ ದಿನ ನಮ್ಮ ದೇವರ ಉಪಾಸ ಇರಬೇಕೇನು?" ಎಂದು ಗೊಣಗಿದರೂ ಒಪ್ಪಿದರು.

ಹಬ್ಬದ ಹಿಂದಿನ ಶನಿವಾರ ಸಂಜೆ ಅಂಗಳವೆಲ್ಲ ಕಿತ್ತಳೆ ಬಣ್ಣ. ಭಾನುವಾರ ನಸುಕಿನಲ್ಲಿ ಕತ್ತರಿ ಹಿಡಿದು ಹೊರಬಂದೆ. ಗಿಡಗಳೆಲ್ಲ ಬೋಳು. ನಡುವೆ ಬಗ್ಗಿದ ಒಂದು ನೆರಳು, ಪಕ್ಕದಲ್ಲಿ ತುಂಬಿದ ಬುಟ್ಟಿ.

"ಆಯಿ! ಮಾತ ಕೊಟ್ಟಿದ್ರಲ್ಲರಿ!" ಚೀರಿದೆ. ಕಣ್ಣು ತುಂಬಿ ಎದುರಿನದೆಲ್ಲ ಮಸುಕಾಯಿತು.

"ಸಾವಕಾಶೋ, ಓಣಿ ಎದ್ದೀತು. ನಿನ್ನ ದೇವರಿಗೇ ಹರದೇನಿ. ನೀ ಎಣಸ್ಕೋತ ನಿಂತ್ರ ಪ್ರಾರ್ಥನಿ ಮುಗದ ಹೋಗತೈತಿ." ಬುಟ್ಟಿಯನ್ನು ನನ್ನ ಕೈಗಿಟ್ಟರು. ತಮ್ಮ ಪೂಜೆಗೆ ಒಂದನ್ನೂ ತೆಗೆದಿಟ್ಟುಕೊಂಡಿರಲಿಲ್ಲ.

ತೊಂದರೆ ಒಂದೇ. ಪೂಜೆಗೆ ಚಿವುಟಿ ಪಳಗಿದ ಕೈ, ಒಂದು ಹೂವಿಗೂ ದಂಟಿರಲಿಲ್ಲ. ಹೂದಾನಿಯಲ್ಲಿ ನಿಲ್ಲಿಸುವುದು ಹೇಗೆ? ಹಿಟ್ಟು ನಾದುವ ಅಗಲದ ಪರಾತ ಒಯ್ದು, ನೀರು ತುಂಬಿ, ಎಲ್ಲವನ್ನೂ ತೇಲಿಬಿಟ್ಟು ವೇದಿಯ ಮೇಲಿಟ್ಟೆ. ಸಾಮುವೇಲ ಕಾಕಾ ಬಗ್ಗಿ ಬಹಳ ಹೊತ್ತು ನೋಡಿದರು. "ಹಾರದಂವಗ ಬ್ಯಾಡ ಅಂತ ಫೋನ್ ಮಾಡತೇನಿ" ಎಂದರು.

ಅಂದಿನ ಬೈಬಲ್ ವಾಚನ ಪ್ರತಿ ವರ್ಷದ್ದೇ. ಸಮಾಧಿಯ ತೋಟದಲ್ಲಿ ಅಳುತ್ತ ನಿಂತ ಮಗ್ದಲದ ಮರಿಯಳು, ಸಾವಿನಿಂದ ಎದ್ದು ಎದುರಿಗೆ ನಿಂತ ಸ್ವಾಮಿಯನ್ನು ತೋಟಗಾರನೆಂದುಕೊಳ್ಳುತ್ತಾಳೆ. ಗುರುತು ಹೇಗೆ ಸಿಗಲಿಲ್ಲವೋ ಎಂದು ಪ್ರತಿ ಸಲ ಅನಿಸುತ್ತಿತ್ತು. ಈ ಸಲ ಅನಿಸಲಿಲ್ಲ. ನಸುಕಿನಲ್ಲಿ, ಕಣ್ಣು ತುಂಬಿದಾಗ, ಕೊಡಲು ಬಂದವರೂ ಒಯ್ಯಲು ಬಂದವರಂತೆಯೇ ಕಾಣುತ್ತಾರೆ. ಮರಿಯಳು ಎಷ್ಟೋ ವಾಸಿ. ಅವಳು ತೋಟಗಾರನೆಂದುಕೊಂಡಳು, ನಾನು ಆಯಿಯನ್ನು ಕಳ್ಳಿ ಎಂದುಕೊಂಡಿದ್ದೆ.