ರುಚಿರಾಯರ ಟೆರಿಯಾಕಿ

ಬಸ್ ಡಿಪೋದಲ್ಲಿ ಎಲ್ಲರೂ ಅವರನ್ನು ರುಚಿರಾಯರು ಎಂದೇ ಕರೆಯುತ್ತಿದ್ದರು. ಕ್ಯಾಂಟೀನಿನ ಮುಖ್ಯ ಅಡುಗೆಯವರು. ಚಮಚದ ತುದಿಯನ್ನು ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ, ಟಪ್ಪೆಂದು ಬಾಯಿ ಚಪ್ಪರಿಸಿ “ಹದ ಬಂತು” ಅಂದರೆ ಮುಗಿಯಿತು, ಆಮೇಲೆ ಆ ಪಾತ್ರೆಗೆ ಒಂದು ಹರಳು ಉಪ್ಪು ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಈ ನಾಲಿಗೆಯ ಜಂಬ ಅವರಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಹೆಂಡತಿ ಮಾಡಿದ ಊಟಕ್ಕೆ ಮದುವೆಯಾದಾಗಿನಿಂದ ಕೊಂಕು ತೆಗೆಯುತ್ತಲೇ ಬಂದಿದ್ದರು. ಆಕೆ ದರ್ಜಿ, ಡಿಪೋದವರ ಖಾಕಿ ಬಟ್ಟೆಗಳೆಲ್ಲ ಆಕೆಯ ಮೆಷಿನ್ನಿನಲ್ಲಿಯೇ ಹೊಲಿದವು. “ನಿನ್ನ ಕೈ ಸೂಜಿದಾರಕ್ಕೇ ಸರಿ ಬಿಡು” ಎಂದು ಇವರು ತಟ್ಟೆಯ ಮುಂದೆ ಕೂತು ಹೇಳಬೇಕು, “ಸುಮ್ನೆ ತಿಂದು ಎದ್ದೇಳ್ರೀ” ಎಂದು ಆಕೆ ಗದರಬೇಕು. ಸಂಸಾರ ಹೀಗೇ ನಡೆದಿತ್ತು.

ಹೋದ ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವರ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಉಪ್ಪೂ ಅಷ್ಟೇ, ಸಕ್ಕರೆಯೂ ಅಷ್ಟೇ. ಅನ್ನ ತಿಂದರೆ ಒದ್ದೆ ಕಾಗದ ಅಗಿದ ಹಾಗೆ. “ವಾಪಸ್ ಬರಬಹುದು, ಬರದೇನೂ ಇರಬಹುದು” ಎಂದು ಡಾಕ್ಟರು ಕೈ ತೊಳೆದುಕೊಂಡರು. ರುಚಿರಾಯರು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅವರಿಗಿಂತ ಮುಂಚೆ ಆ ಒಲೆಯ ಮುಂದೆ ನಿಂತಿದ್ದ ಹಿರಿಯರಿಗೆ ಕೈ ನಡುಕ ಶುರುವಾದಾಗ ಏನಾಯಿತೆಂದು ಅವರು ಕಣ್ಣಾರೆ ಕಂಡಿದ್ದರು. ಬೆಳಿಗ್ಗೆ ಅಡುಗೆಯವನಾಗಿ ಬಂದ ಮನುಷ್ಯನನ್ನು ಮಧ್ಯಾಹ್ನದ ಹೊತ್ತಿಗೆ ಟೋಕನ್ ಕಿಟಕಿಯ ಹಿಂದೆ ಕೂರಿಸಿದ್ದರು. “ಇವರ ಕೈಗೆ ಉಪ್ಪಿನ ಡಬ್ಬಿ ಕೊಟ್ರೆ ಜರಡಿಯೇ ಬೇಡ” ಎಂದು ಆವತ್ತು ಎಲ್ಲರನ್ನೂ ನಗಿಸಿದವರು ಇದೇ ರುಚಿರಾಯರು. ಈಗ ಆ ಕಿಟಕಿಯ ಮುಂದೆ ಹಾಯುವಾಗ ತಲೆ ತಗ್ಗಿಸಿ ನಡೆಯುತ್ತಿದ್ದರು. ಒಲೆ ಬಿಟ್ಟರೆ ತಾನು ಯಾರು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಹಾಗಾಗಿ ಕ್ಯಾಂಟೀನಿನಲ್ಲಿ ಕೈ ಅಳತೆಯ ಮೇಲೆ ದಿನ ದೂಡಿದರು. ಚಮಚ, ಕಣ್ಣು ಮುಚ್ಚುವುದು, ಚಪ್ಪರಿಸುವುದು, ನಾಟಕ ಮಾತ್ರ ಎಂದಿನಂತೆ. ಮನೆಯಲ್ಲಿ ಇನ್ನೂ ಸುಲಭದ ದಾರಿ ಹಿಡಿದರು. ತಪ್ಪು ಹುಡುಕಲು ಹೋಗಿ ಸಿಕ್ಕಿಬೀಳುವುದು ಬೇಡವೆಂದು ಬಡಿಸಿದ್ದನ್ನೆಲ್ಲ “ಚೆನ್ನಾಗಿದೆ” ಅನ್ನತೊಡಗಿದರು. ಆಕೆ ಮೊದಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಅಡುಗೆಮನೆಯಲ್ಲಿ ಗುನುಗುವ ಸದ್ದು ಕೇಳತೊಡಗಿತು. ಹೊಸ ಹೊಸ ಅಡುಗೆ ಮಾಡಿ, ಬಡಿಸಿ, ಎದುರಿಗೇ ಕೂತು ಮುಖ ನೋಡುವಳು.

ಹೀಗಿರುವಾಗ ಡಿಪೋದ ಮ್ಯಾನೇಜರ್ ಮೇಡಂ ಅವರ ನಿವೃತ್ತಿಯ ದಿನ ಹತ್ತಿರ ಬಂತು. ಬೀಳ್ಕೊಡುಗೆ ಊಟಕ್ಕೆ ಅವರು ಕೇಳಿದ್ದು ಒಂದೇ, ರುಚಿರಾಯರ ಟೆರಿಯಾಕಿ ಚಿಕನ್, ಸೋಯಾ ಸಾಸಿಗೆ ಸಿಹಿ ಬೆರೆಸಿ ಮಾಡುವ ಜಪಾನಿ ಅಡುಗೆ. ಇವರು ಪ್ರಾಯದಲ್ಲಿ ಸರಕು ಹಡಗಿನ ಅಡುಗೆಮನೆಯಲ್ಲಿ ಕಲಿತು ಬಂದದ್ದು. ಅಂಗಡಿಯ ಬಾಟಲಿ ಸಾಸ್ ತಂದು ಸುರಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ “ಅದು ಸಾಸ್ ಅಲ್ಲ, ಬಣ್ಣ ಹಚ್ಚಿದ ಸಕ್ಕರೆ ಪಾಕ” ಎಂದು ವರ್ಷಾನುಗಟ್ಟಲೆ ಜರಿದ ಬಾಯಿ ಅದು.

ರಜೆಯ ದಿನ ಮನೆಯಲ್ಲೇ ಒಮ್ಮೆ ಮಾಡಿ ನೋಡೋಣವೆಂದು ನಿಂತರು. ಶುಂಠಿ ತುರಿದರು, ಬೆಳ್ಳುಳ್ಳಿ ಜಜ್ಜಿದರು. ಕಿಟಕಿಯ ಬಳಿಯಿದ್ದ ಸೋಯಾ ಬಾಟಲಿಯನ್ನು ಪೂರ್ತಿ ಬಗ್ಗಿಸಿ, ಸಕ್ಕರೆ, ಜೇನು, ಒಂದಿಷ್ಟು ವಿನೆಗರ್ ಸೇರಿಸಿ ಸಣ್ಣ ಉರಿಯಲ್ಲಿ ಇಟ್ಟರು. ಕುದಿ ಬಂದ ಮೇಲೆ ಅರ್ಧ ಬೇರೆ ಬಟ್ಟಲಿಗೆ ತೆಗೆದಿಟ್ಟರು. ಅದು ಆರಿದ ಮೇಲೆ ಕೋಳಿ ನೆನೆಹಾಕಲು. ಹಸಿ ಮಾಂಸ ಬಿದ್ದದ್ದು ಮತ್ತೆ ಸಾಸಿಗೆ ಸೇರಬಾರದು, ಹಡಗಿನಲ್ಲಿ ಕಲಿತ ಮೊದಲ ಪಾಠ. ಉಳಿದರ್ಧಕ್ಕೆ ತಣ್ಣೀರಿನಲ್ಲಿ ಕದಡಿದ ಕಾರ್ನ್‌ಫ್ಲೋರ್ ಬಿಟ್ಟು ತಿರುವಿದರು. ಸಾಸ್ ಚಮಚದ ಬೆನ್ನಿಗೆ ಅಂಟಿ, ಹೊಳೆಯುತ್ತ ನಿಂತಿತು. ನೋಡಲು ಏನೂ ಕೊರತೆಯಿಲ್ಲ.

ಹೊರಗೆ ಮೆಷಿನ್ನಿನ ಸದ್ದು ನಿಂತಿತು. ಹೆಂಡತಿ ಬಾಗಿಲಲ್ಲಿ ಬಂದು ಮೂಗರಳಿಸಿದಳು. “ಏನ್ರೀ, ಕಾಫಿಗೆ ಬೆಳ್ಳುಳ್ಳಿ ಹಾಕಿ ಕುದಿಸ್ತಿದ್ದೀರಾ?”

“ಟೆರಿಯಾಕಿ ಕಣೇ. ಮೂಗು ರಿಪೇರಿ ಮಾಡಿಸ್ಕೋ” ಎಂದು ಅವರು ಚಮಚ ಅದ್ದಿ, ಕಣ್ಣು ಮುಚ್ಚಿ, ಟಪ್ಪೆಂದು ಚಪ್ಪರಿಸಿದರು. “ಹದ ಬಂತು.”

ಆಕೆ ಕಿಟಕಿಯ ಬಳಿಯ ಖಾಲಿ ಬಾಟಲಿ ನೋಡಿದಳು, ಗಂಡನ ಮುಖ ನೋಡಿದಳು. ಚಮಚ ಕಸಿದು ತಾನೂ ರುಚಿ ನೋಡಿ, ಸಿಂಕಿಗೆ ಉಗುಳಿದಳು.

“ಹಳೇ ಬಾಟಲಿ ತೊಳೆದು ನನ್ನ ಕಪ್ಪು ಕಾಫಿ ತುಂಬಿ ಇಟ್ಟಿದ್ದೆ, ಹೊಲಿಯುವಾಗ ಕುಡಿಯೋಕೆ. ನೀವು ತಂದ ಸೋಯಾ ಇನ್ನೂ ಚೀಲದಲ್ಲೇ ಇದೆ.”

“ಕೆಲವು ಕಡೆ ಕಾಫಿನೂ ಹಾಕ್ತಾರೆ” ಅಂದರು ರುಚಿರಾಯರು. ತಮ್ಮ ಕಿವಿಗೇ ಆ ಮಾತು ಸಪ್ಪೆಯಾಗಿ ಕೇಳಿಸಿತು.

“ಯಾವಾಗಿಂದ?” ಆಕೆ ಕೇಳಿದ್ದು ಕಾಫಿಯ ವಿಷಯವಲ್ಲವೆಂದು ಅವರಿಗೆ ಗೊತ್ತಾಯಿತು.

“ಜ್ವರ ಬಂದು ಹೋದಾಗಿಂದ” ಅಂದರು.

ಆಕೆ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡರು, ಬೈಯಲಿಲ್ಲ. ಮೆಲ್ಲಗೆ ಕೇಳಿದಳು. “ಹಾಗಾದ್ರೆ ನನ್ನ ಅಡುಗೆ ಚೆನ್ನಾಗಿದೆ ಅಂದಿದ್ದು?”

ರುಚಿರಾಯರು ಒಲೆ ಆರಿಸಿದರು. ನಾಲಿಗೆ ಹೋದದ್ದಕ್ಕಿಂತ ಆ ಕ್ಷಣದಲ್ಲಿ ಅವರಿಗೆ ಹೆಚ್ಚು ನೋವಾಯಿತು. ಆಕೆ ಎದ್ದು, ಚೀಲದಿಂದ ಹೊಸ ಬಾಟಲಿ ತೆಗೆದು ಠಕ್ಕೆಂದು ಅವರ ಮುಂದೆ ಇಟ್ಟು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಮೆಷಿನ್ನು ಎಂದಿಗಿಂತ ಜೋರಾಗಿ ಓಡತೊಡಗಿತು.

ಬೀಳ್ಕೊಡುಗೆಯ ದಿನದವರೆಗೆ ಮನೆಯಲ್ಲಿ ಮಾತು ಅಷ್ಟಕ್ಕಷ್ಟೆ. ಆದರೆ ಆವತ್ತು ಬೆಳಿಗ್ಗೆ, ಇವರು ದೊಡ್ಡ ಪಾತ್ರೆಯಲ್ಲಿ ಸಾಸ್ ತಿರುವುತ್ತಿದ್ದಾಗ, ಮೇಜಿಗೆ ಹೊಲಿದ ಬಟ್ಟೆಗಳ ಗಂಟು ಹೊತ್ತು ಆಕೆ ಕ್ಯಾಂಟೀನಿಗೆ ಬಂದಳು. ಗಂಟು ಕೆಳಗಿಟ್ಟು, ಒಲೆಯ ಪಕ್ಕ ನಿಂತಳು. ಪಾತ್ರೆ ತೊಳೆಯುವಾಕೆ ನೋಡುತ್ತಿದ್ದಳು, ಟೋಕನ್ ಕಿಟಕಿಯ ಹಿರಿಯರೂ ನೋಡುತ್ತಿದ್ದರು. ರುಚಿರಾಯರು ಅಭ್ಯಾಸಬಲದಿಂದ ಚಮಚ ಎತ್ತಿದರು, ಕಣ್ಣು ಮುಚ್ಚಲು ಹೋದರು. ಆಗಲಿಲ್ಲ. ಚಮಚವನ್ನು ಹೆಂಡತಿಯ ಕಡೆ ಚಾಚಿದರು.

“ಹೇಗಿದೆ?”

ಇಷ್ಟು ವರ್ಷದ ಸಂಸಾರದಲ್ಲಿ ಆ ಪ್ರಶ್ನೆಯನ್ನು ಅವರು ಆಕೆಗೆ ಕೇಳಿರಲೇ ಇಲ್ಲ.

“ಸಿಹಿ ಮುಂದಾಗಿದೆ. ಶುಂಠಿ ಎಲ್ಲೋ ಹಿಂದೆ ಉಳಿದಿದೆ” ಅಂದಳು ಆಕೆ. ಅವರು ಶುಂಠಿ ಹಾಕಿದರು, ಸೋಯಾ ಹಾಕಿದರು, ಮತ್ತೆ ಚಾಚಿದರು. ಆಕೆ ಬೇಕೆಂದೇ ಕಣ್ಣು ಮುಚ್ಚಿ, ಟಪ್ಪೆಂದು ಚಪ್ಪರಿಸಿದಳು. “ಹದ ಬಂತು.”

ಊಟದ ಹೊತ್ತಿಗೆ ಮೇಡಂ ಬೆರಳು ನೆಕ್ಕಿದರು. “ಈ ನಾಲಿಗೇನ ಇಲ್ಲಿ ಬಿಟ್ಟು ಹೋಗೋದೇ ಬೇಜಾರು” ಅಂದರು.

“ನಾಲಿಗೆ ನನ್ನದಲ್ಲ ಮೇಡಂ, ಇವಳದು” ಎಂದು ರುಚಿರಾಯರು ಎಲ್ಲರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ಮೊದಲು ಮಾತಾಡಿದವರು ಟೋಕನ್ ಕಿಟಕಿಯ ಹಿರಿಯರು. “ನಂಗೆ ಗೊತ್ತಿತ್ತು. ಒಂದು ದಿನ ಸೂಪಿಗೆ ಎರಡು ಸಲ ಉಪ್ಪು ಬಿದ್ದಿತ್ತಲ್ಲ, ಆವತ್ತೇ.”

“ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಅಣ್ಣ?” ಎಂದರು ರುಚಿರಾಯರು.

“ಹೇಳಿದ್ರೆ ನನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕ್ತಿದ್ರು. ಆ ಕಿಟಕಿ ಒಬ್ಬರಿಗೇ ಇಕ್ಕಟ್ಟು” ಎಂದು ಅವರು ಮೇಡಂ ಕಡೆ ತಿರುಗಿದರು. “ಕೈ ನಡುಗುತ್ತೆ ಮೇಡಂ, ನಾಲಿಗೆ ನಡುಗಲ್ಲ. ದಿನಾ ರುಚಿ ನೋಡೋಕೆ ನಾನಿದ್ದೀನಿ.”

ಮೇಡಂ ನಕ್ಕು, ಹೋಗುವ ಮುಂಚೆ ಹಾಗೇ ಮಾಡಿಸಿದರು. ರುಚಿರಾಯರಿಗೆ ಮಾತ್ರ ಆ ಹಿರಿಯರ ಮುಖ ನೋಡಲು ಸಂಜೆಯವರೆಗೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಆಕೆ ತಟ್ಟೆ ಇಟ್ಟು ಬಡಿಸಿದಳು. ಎದುರಿಗೆ ಕೂರಲಿಲ್ಲ, ಮುಖವನ್ನೂ ನೋಡಲಿಲ್ಲ. ಅವರು ಒಂದು ತುತ್ತು ತಿಂದರು. ಬಾಯಿಗೆ ಬಂದ “ಚೆನ್ನಾಗಿದೆ” ಎಂಬ ಮಾತನ್ನು ನುಂಗಿಕೊಂಡರು.

“ಕೂತ್ಕೋ. ನೀನೂ ಒಂದು ತುತ್ತು ತಿನ್ನು. ಹೇಗಿದೆ, ನೀನೇ ಹೇಳು.”

ಆಕೆ ಅವರ ತಟ್ಟೆಯಿಂದಲೇ ಒಂದು ತುತ್ತು ತೆಗೆದುಕೊಂಡು ಯೋಚಿಸಿದಳು. “ಉಪ್ಪು ಸ್ವಲ್ಪ ಜಾಸ್ತಿ ಆಗಿದೆ.”

“ಹೌದು, ಸ್ವಲ್ಪ ಜಾಸ್ತಿ” ಎಂದು ರುಚಿರಾಯರು ಒಪ್ಪಿಕೊಂಡು, ಇನ್ನಷ್ಟು ಬಡಿಸೆಂದು ತಟ್ಟೆಯನ್ನು ಮುಂದೆ ತಳ್ಳಿದರು.