ಪಾಯಾಳುವಿನ ಸೊಂಟ

ಬದುಕಿನಲ್ಲಿ ನನಗೆ ಸಿಕ್ಕ ಮರ್ಯಾದೆಯೆಲ್ಲ ಹುಟ್ಟುವಾಗ ಮಾಡಿದ ಒಂದು ತಪ್ಪಿನಿಂದ ಬಂದದ್ದು. ಎಲ್ಲರೂ ತಲೆ ಮುಂದಾಗಿ ಭೂಮಿಗೆ ಬಂದರೆ ನಾನು ಕಾಲು ಚಾಚಿಕೊಂಡು ಬಂದೆ. ಅಂಥವನಿಗೆ ನಮ್ಮ ಅಥಣಿ ಕಡೆ, ಮರಾಠಿಯಿಂದ ಎರವಲು ಪಡೆದು, ಪಾಯಾಳು ಎನ್ನುತ್ತಾರೆ. ಪಾಯಾಳುವಿನ ಎಡಗಾಲು ಮೂರು ಸಲ ಸೊಂಟಕ್ಕೆ ತಾಗಿದರೆ ಹಿಡಿದ ಚಳುಕು ಬಿಡುತ್ತದೆಂದು ಇಲ್ಲಿನ ನಂಬಿಕೆ. ಎಸ್ಸೆಸ್ಸೆಲ್ಸಿಗೆ ಬಂದು ನಿಂತುಹೋದ ನನ್ನ ತಲೆ ಗಳಿಸಲಾರದ್ದನ್ನು ಕಾಲು ಕೂತಲ್ಲಿಗೇ ತಂದುಕೊಟ್ಟಿತು.

ರವಿವಾರ ನಸುಕಿನಲ್ಲಿ ಐಗಳಿಯ ನಮ್ಮ ಮನೆಯ ಹೊಸ್ತಿಲ ಮುಂದೆ ಜನ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ಬರಬೇಕು, ಮಾತಾಡಬಾರದು ಎಂಬುದು ಕಟ್ಟಳೆ. ಕಬ್ಬು ಹೊರುವವರು ಬರುತ್ತಿದ್ದರು, ದ್ರಾಕ್ಷಿ ತೋಟದವರು ಬರುತ್ತಿದ್ದರು. ಗಣಿತದಲ್ಲಿ ನನಗೆ ಸೊನ್ನೆ ಕೊಟ್ಟ ಮಾಸ್ತರರೂ ಒಮ್ಮೆ ಬಂದಿದ್ದರು. ಅವರಿಗೆ ನಾಲ್ಕನೆಯದೊಂದು ಒದೆ ಹೆಚ್ಚಿಗೆ ಕೊಟ್ಟೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಚಳುಕು ಬಹುತೇಕ ನಾಲ್ಕಾರು ದಿನದಲ್ಲಿ ತಾನಾಗಿಯೇ ಬಿಡುವ ಬೇನೆ. ಹಾಗಾಗಿ ನನ್ನ ಕಾಲಿಗೆ ಸೋಲೆಂಬುದೇ ಇರಲಿಲ್ಲ.

ಸೋತದ್ದು ದಸ್ತಗೀರನ ಮುಂದೆ. ಅವನು ನಮ್ಮೂರ ಟೇಲರ್, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹೋದ ದೀಪಾವಳಿಯ ಹೊತ್ತಿಗೆ, ಸೊಂಟದ ನೋವು ಕಾಲಿಗಿಳಿದಿದೆ, ಪಾದ ಎತ್ತಲು ಬರುತ್ತಿಲ್ಲ, ನಡೆಯುವಾಗ ಚಪ್ಪಲಿ ಕಳಚುತ್ತಿದೆ ಎಂದ. ಮೂರು ರವಿವಾರ ಒದ್ದೆ. ಪಾದ ಇನ್ನಷ್ಟು ಎಳೆಯತೊಡಗಿತು, ಹೊಲಿಗೆ ಯಂತ್ರ ತುಳಿಯುವುದು ನಿಂತೇಹೋಯಿತು. ಆಮೇಲೆ ಮಾಡಿದ್ದು ಇನ್ನೂ ದೊಡ್ಡ ಪಾಪ. ಹೋಟೆಲಿನಲ್ಲಿ ಯಾರೋ ವಿಚಾರಿಸಿದಾಗ, "ಚಾ ಕುಡದ ಬಂದಿದ್ದನ್ರಿ ಅಂವ, ಹೆಂಗ ಗುಣ ಆಗಬೇಕು?" ಎಂದುಬಿಟ್ಟೆ. ನನ್ನ ಕಾಲಿನ ಹೆಸರು ಉಳಿಯಿತು, ಅವನ ಹೆಸರು ಕೆಟ್ಟಿತು.

ಎರಡು ತಿಂಗಳು ಕಳೆದಿರಬೇಕು, ಮೊಮ್ಮಗಳ ಸೈಕಲ್ಲನ್ನು ಕಟ್ಟೆಗೆ ಎತ್ತಿಡಲು ಬಾಗಿದವನು ಬಾಗಿದಂತೆಯೇ ಉಳಿದೆ. ಹೆಂಡತಿ ತನ್ನ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಊರ ಮಂದೀನ್ನೆಲ್ಲಾ ಒದ್ರಿ. ಈಗ ನಿಮ್ಮ ಕಾಲ ನಿಮ್ಮ ಸೊಂಟಕ್ಕ ಮುಟ್ಟಸ್ರಿ ನೋಡೋಣು." ಪಾಯಾಳುವಿನ ವಿದ್ಯೆಯಲ್ಲಿ ಇದೊಂದು ಕೊರತೆ. ತನ್ನನ್ನು ತಾನು ಒದ್ದುಕೊಳ್ಳಬೇಕೆನಿಸುವ ಸಂದರ್ಭಗಳು ಎಷ್ಟು ಬಂದರೂ ಕಾಲು ಅಲ್ಲಿಗೆ ಎಟಕುವುದಿಲ್ಲ.

ಸ್ಕ್ಯಾನಿನಲ್ಲಿ ಬೆನ್ನೆಲುಬಿನ ಡಿಸ್ಕೊಂದು ಉಬ್ಬಿ ನರವನ್ನು ಒತ್ತುತ್ತಿರುವುದು ಕಂಡಿತು. ಅಳಿಯ ನನ್ನನ್ನು ಚಿಕ್ಕೋಡಿಯ ಕೈರೋಪ್ರಾಕ್ಟರ್ ಹತ್ತಿರ ಕರೆದೊಯ್ದ. ಕೈಯಿಂದ ಮಾಡುವ ಉಪಚಾರ ಎಂದೇ ಆ ಹೆಸರಿನ ಅರ್ಥವಂತೆ. ಕತ್ತು ಹಿಡಿದು ಕಟಕ್ಕೆನಿಸುವ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿದ್ದೆನಾದ್ದರಿಂದ, ಇವರೂ ನಮ್ಮ ಕಸುಬಿನವರೇ, ನಾನು ಕಾಲು ಇವರು ಕೈ, ಎಂಬ ಸಲಿಗೆಯಲ್ಲಿ ಒಳಗೆ ಹೋದೆ. ಡಾಕ್ಟರ್ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು, ಹಿಮ್ಮಡಿಯ ಮೇಲೆ ನಡೆಸಿದರು, ಹೆಬ್ಬೆರಳು ಎತ್ತಿಸಿದರು.

"ಒಂದ ಸಲ ಕಟಕ್ ಅನಿಸಿ ಬಿಟ್ಟಬಿಡ್ರಿ," ಎಂದೆ.

"ಅದು ಕಡೀಕ್ರಿ ಅಜ್ಜಾರ. ಯಾರಿಗೆ ಕಟಕ್ ಅನಸಬಾರದು ಅನ್ನೋದ ಮೊದಲ ನೋಡಬೇಕು. ಪಾದ ಎತ್ತಾಕ ಬರವಲ್ದಂದ್ರ ನಾವು ಕೈ ಹಚ್ಚಂಗಿಲ್ಲ. ತಡಾ ಮಾಡದ ನರದ ಡಾಕ್ಟರ್ ಕಡೆ ಕಳಸ್ತೀವಿ."

ನನ್ನ ಹೆಬ್ಬೆರಳು ಚೆನ್ನಾಗಿಯೇ ಎದ್ದಿತ್ತು. ಎತ್ತಲು ಬಾರದಿದ್ದದ್ದು ದಸ್ತಗೀರನ ಪಾದ. ಕೈ ಹಚ್ಚಲೂ ಅವರು ಅಂಜುವ ಕಡೆ ನಾನು ಮೂರು ರವಿವಾರ ಕಾಲು ಹಚ್ಚಿದ್ದೆ. ಮೇಜಿನ ಮೇಲೆ ಬೋರಲು ಮಲಗಿಸಿ ಅವರು ಹಗುರವಾಗಿ ಒತ್ತುತ್ತಿದ್ದರೆ, ನಾನು ದಸ್ತಗೀರನ ಸವೆದ ಚಪ್ಪಲಿಯನ್ನೇ ನೆನೆಯುತ್ತಿದ್ದೆ.

ಬಸ್ಸಿಳಿದವನು ನೆಟ್ಟಗೆ ಅವನ ಅಂಗಡಿಗೆ ಹೋದೆ. ಕೂತು ಗುಂಡಿ ಹಚ್ಚುತ್ತಿದ್ದ. ಎಲ್ಲ ಹೇಳಿ, "ನಿನ್ನ ಕಾಲ ನಾ ಹಾಳ ಮಾಡಿದ್ನೋ," ಎಂದೆ.

ಅವನು ದಾರವನ್ನು ಹಲ್ಲಿನಿಂದ ಕಡಿದ. "ನಿನ್ನ ಕಾಲಿಗೆ ಅಷ್ಟ ತಾಕತ್ತಿಲ್ಲಲೇ ಅಪ್ಪಾಸಾಬ. ದವಾಖಾನ್ಯಾಗ ಕೊಯ್ತಾರಂತ ಅಂಜಿ ನಿನ್ನ ಕಡೆ ಬಂದಾಂವ ನಾ."

"ದಿನಾ ಅರಬಿ ಕತ್ತರಸಾಂವ, ಕತ್ತರಿಗೆ ಅಂಜತೀ?"

"ಅರಬಿ ಚೀರಂಗಿಲ್ಲ." ಆಮೇಲೆ ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದ. "ಒದ್ದಿದ್ದಕ್ಕ ಸಿಟ್ಟಿಲ್ಲ. ಚಾ ಕುಡದ ಬಂದಾನ ಅಂದ್ಯಲ್ಲ, ಅದು ನಟ್ಟೈತಿ ನೋಡು. ಹಸಕೊಂಡ ಬಂದಿದ್ನೋ ನಾ."

ಅವನ ಮಾತು ನಿಜ. ಕಾಲಿನಿಂದ ಊರನ್ನೇ ಗುಣಪಡಿಸುತ್ತೇನೆಂದು ಬೀಗಿದವನು, ಆ ಬೀಗುವಿಕೆ ಇಳಿದ ಮೇಲೆ, ಅದೇ ಕಾಲಿನಿಂದ ಒಬ್ಬನನ್ನು ಹಾಳು ಮಾಡಿದೆನೆಂದು ಕೊರಗುತ್ತಿದ್ದೆ. ಎರಡರಲ್ಲೂ ಇದ್ದದ್ದು ನನ್ನ ಕಾಲಿನ ದೊಡ್ಡಸ್ತಿಕೆಯೇ. ನಾನು ನಿಜವಾಗಿ ಕೆಡಿಸಿದ್ದು ಅವನ ತಿಂಗಳುಗಳನ್ನು ಮತ್ತು ಅವನ ಮಾತಿನ ಬೆಲೆಯನ್ನು.

ಮಾರನೆಯ ದಿನವೇ ಅವನನ್ನು ಮಿರಜಿನ ನರದ ಡಾಕ್ಟರಿಗೆ ತೋರಿಸಿದೆವು. ಅಂಜುತ್ತಲೇ ಒಪ್ಪಿದ, ಆಪರೇಶನ್ ಆಯಿತು. ಪಾದ ಪೂರ್ತಿ ಬರುತ್ತದೆಂದು ಅಲ್ಲಿ ಯಾರೂ ಆಣೆ ಮಾಡಲಿಲ್ಲ, ಬರುವುದೇ ಇಲ್ಲವೆಂದೂ ಹೇಳಲಿಲ್ಲ. ಈಗ ಗುರುವಾರಕ್ಕೊಮ್ಮೆ ಇಬ್ಬರೂ ಕೃಷ್ಣಾ ಹೊಳೆ ದಾಟಿ ಚಿಕ್ಕೋಡಿಗೆ ಹೋಗುತ್ತೇವೆ, ನಾನು ಸೊಂಟಕ್ಕೆ, ಅವನು ಕಾಲಿನ ವ್ಯಾಯಾಮಕ್ಕೆ. ನನಗೆ ಕೂತಲ್ಲಿಂದ ಏಳಲು ಈಗ ಯಾರ ಕೈಯೂ ಬೇಡ. ಅವನ ಹೆಬ್ಬೆರಳು ಒಂದು ಕಾಳಿನಷ್ಟು ಏಳುತ್ತಿದೆ. ಆ ಕಾಳನ್ನು ಅವನು ಬಸ್ಸಿನಲ್ಲಿ ಪಕ್ಕದವರಿಗೂ ತೋರಿಸುತ್ತಾನೆ.

ಉಳಿದಿದ್ದ ಕೆಲಸವನ್ನು ಹೋದ ರವಿವಾರ ಮಾಡಿದೆ. ಅದೇ ಹೋಟೆಲಿನಲ್ಲಿ, ದಸ್ತಗೀರ ಪಕ್ಕದಲ್ಲಿದ್ದಾಗಲೇ, ಎದ್ದು ನಿಂತೆ. "ಇಂವ ಅವತ್ತ ಹಸಕೊಂಡ ಬಂದಿದ್ನ್ರಿ. ನಾನ ಸುಳ್ಳ ಹೇಳಿದ್ನಿ. ದವಾಖಾನಿಗೆ ಹೋಗಂತ ಹೇಳೋದ ಬಿಟ್ಟು ಒದ್ನಿ. ತಪ್ಪ ನಂದು."

ಆಗ ಮೂಲೆಯಲ್ಲಿದ್ದ ಟ್ರ್ಯಾಕ್ಟರ್ ಮಲ್ಲಪ್ಪ, "ಅದಿರಲಿ ಕಾಕಾ, ಆ ಡಾಕ್ಟರ್‌ಬಾಯಿ ಯಾವತ್ತ ಸಿಗತಾರ? ನಮ್ಮವ್ವಂದೂ ಸೊಂಟ ಹಿಡದೈತಿ," ಎಂದ. ಇಷ್ಟು ತಿಂಗಳು ಹೊತ್ತ ನನ್ನ ಪಾಪವನ್ನು ಒಂದು 'ಅದಿರಲಿ'ಯಲ್ಲಿ ಬದಿಗೆ ಸರಿಸಿದ್ದಕ್ಕೆ ತುಸು ಅವಮಾನವಾಯಿತೆಂದೂ ಹೇಳಿಬಿಡುತ್ತೇನೆ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ದಸ್ತಗೀರನೇ ಶುರುಮಾಡಿದ. "ಗುರುವಾರ ನಮ್ಮ ಕೂಡ ಕಳಸು. ಬಸ್ಸಿನ್ಯಾಗ ಹಿಂದಿನ ಸೀಟಿಗೆ ಮಾತ್ರ ಕುಂದರಸಬ್ಯಾಡ. ಇದನ್ನ ಇಂವಗ ಏನ ಕೇಳತೀ, ನನ್ನ ಕೇಳು. ಇಂವ ಒದ್ದಾಂವ, ನಾ ಒದಿಸಿಕೊಂಡಾಂವ."

ಹೋಟೆಲೆಲ್ಲ ನಕ್ಕಿತು, ನಾನೂ ನಕ್ಕೆ. ಅಷ್ಟು ನಕ್ಕರೂ ಸೊಂಟ ನೋಯಲಿಲ್ಲವೆಂಬುದು ಹೊಳೆದದ್ದು ಮನೆಗೆ ಬಂದ ಮೇಲೆ.